ತೀರಿಕೊಂಡವರಿಗೆ ಹಾಕುವ ಅಲೆ

ಹೊನ್ನಾವರದ ಬಸ್‌ಸ್ಟ್ಯಾಂಡಿಗೆ ಹತ್ತಿರದ ಒಂದು ಮಾಳಿಗೆಯಲ್ಲಿ ನಾನು ಮದುವೆ ಕ್ಯಾಸೆಟ್ಟುಗಳನ್ನು ಎಡಿಟ್ ಮಾಡುತ್ತಿದ್ದೆ. ಕ್ಯಾಸೆಟ್ಟು ಹೋಗಿ ಸೀಡಿ ಬರುತ್ತಿದ್ದ ಕಾಲ. ಜನ ಮಾತ್ರ ಸೀಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ‘ಕ್ಯಾಸೆಟ್ ಆತಾ?’ ಎಂದು ಕೇಳುತ್ತಿದ್ದರು. ಡಿಗ್ರಿ ಮುಗಿಸಿ ಕಂಪ್ಯೂಟರ್ ಕಲಿತ ಮಗಳು ಯಾವುದಾದರೂ ಸೊಸೈಟಿಯಲ್ಲಿ ಫ್ಯಾನಿನ ಕೆಳಗೆ ಕೂರುತ್ತಾಳೆ ಎಂದುಕೊಂಡಿದ್ದ ನನ್ನ ಅಮ್ಮನಿಗೆ, ಊರವರ ಮದುವೆಗಳನ್ನು ಕತ್ತರಿಸಿ ಅಂಟಿಸುವುದು ಒಂದು ಉದ್ಯೋಗ ಅನ್ನಿಸಲೇ ಇಲ್ಲ. ಯಾರಾದರೂ ಕೇಳಿದರೆ ಆಫೀಸಿಗೆ ಹೋಗುತ್ತಾಳೆ ಎನ್ನುತ್ತಿದ್ದಳು.

ನಮ್ಮ ಸ್ಟುಡಿಯೋದ ಯಜಮಾನರು ಹಳೆಯ ಫೋಟೋಗ್ರಾಫರ್. ಭಟ್ಕಳದಿಂದ ಕುಮಟೆಯವರೆಗೆ ಯಾವ ಕಲ್ಯಾಣಮಂಟಪದ ಯಾವ ಮೂಲೆಯಲ್ಲಿ ಎಷ್ಟು ಹೊತ್ತಿಗೆ ಬೆಳಕು ಬೀಳುತ್ತದೆ ಎಂದು ಕಣ್ಣು ಮುಚ್ಚಿ ಹೇಳುವವರು, ಮೌಸನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದು ನಿನ್ನ ಖಾತೆ ಎನ್ನುತ್ತಿದ್ದರು. ಹಾಗಾಗಿ ಸಾಫ್ಟ್‌ವೇರಿನ ಪೆಟ್ಟಿಗೆಯಲ್ಲಿದ್ದ ಎಫೆಕ್ಟುಗಳಿಗೆಲ್ಲ ನಾನೇ ಯಜಮಾನಿ. ಪುಟ ಮಗುಚುವುದು, ನಕ್ಷತ್ರ ಉದುರುವುದು, ಹೃದಯದೊಳಗಿಂದ ಹೃದಯ ತೆರೆದುಕೊಳ್ಳುವುದು. ಹೊಸ ಜೋಡಿಯನ್ನು ಓಂ ಬೀಚಿಗೆ ಕರೆದೊಯ್ದು ತೆಗೆದ ಹಾಡಿಗೆ ಇವೆಲ್ಲ ಇರಲೇಬೇಕು. ಇಲ್ಲದಿದ್ದರೆ ಆ ಸ್ಟುಡಿಯೋದವರಿಗೆ ಕೆಲಸವೇ ಬರುವುದಿಲ್ಲ ಎಂದು ವರನ ಗೆಳೆಯರು ಊರೆಲ್ಲ ಸಾರುತ್ತಿದ್ದರು.

ಆ ಪೆಟ್ಟಿಗೆಯಲ್ಲಿ ಅಲೆಯೂ ಇತ್ತು. ಯಾವುದೇ ಚಿತ್ರವನ್ನು ನೀರಿನಲ್ಲಿ ಬಿದ್ದ ನೆರಳಿನ ಹಾಗೆ ಕದಡಿ ತೋರಿಸುವ ಎಫೆಕ್ಟು. ಅಲೆ ಚಿತ್ರದ ಯಾವ ಜಾಗದಿಂದ ಏಳಬೇಕು, ಎಷ್ಟು ಎತ್ತರ, ಒಂದು ಅಲೆಗೂ ಮುಂದಿನ ಅಲೆಗೂ ನಡುವೆ ಎಷ್ಟು ದೂರ, ವೇಗ ಎಷ್ಟು ಎಂದು ಒಂದೊಂದಕ್ಕೂ ಅಂಕಿ ಕೊಟ್ಟರೆ ಕಂಪ್ಯೂಟರು ಒಂದೊಂದೇ ಫ್ರೇಮನ್ನು ಬಾಗಿಸಿ ಬಳುಕಿಸಿ ಕೊಡುತ್ತಿತ್ತು. ಕೊಡುತ್ತಿತ್ತು ಎಂದೆನಲ್ಲ, ರೆಂಡರ್ ಎನ್ನುವ ಆ ಕೆಲಸ ಮುಗಿಯುವಷ್ಟರಲ್ಲಿ ಊಟ ಮಾಡಿ ಬರಬಹುದಿತ್ತು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಯುಪಿಎಸ್ ಇತ್ತು, ಹೆಸರಿಗೆ.

ಅಲೆಯನ್ನು ನಾನು ಮೊದಲು ಹಾಕಿದ್ದು ಕುಮಟೆಯ ಒಂದು ಮದುವೆಗೆ. ವರನ ಅಜ್ಜ ಮದುವೆಗೆ ಸ್ವಲ್ಪ ಮೊದಲು ತೀರಿಕೊಂಡಿದ್ದರು. ಮನೆಯಲ್ಲಿ ತೀರಿಕೊಂಡ ಹಿರಿಯರ ಫೋಟೋವನ್ನು ಕ್ಯಾಸೆಟ್ಟಿನ ಸುರುವಿಗೆ, ದೇವರ ಚಿತ್ರ ಆದ ಮೇಲೆ ತೋರಿಸುವುದು ನಮ್ಮ ಕಡೆಯ ವಾಡಿಕೆ. ಪಕ್ಕದಲ್ಲೊಂದು ದೀಪ ಇಟ್ಟು ಮುಂದೆ ಹೋಗುತ್ತಿದ್ದೆವು. ಅವತ್ತು ನನಗೆ ಏನನ್ನಿಸಿತೋ, ಅಜ್ಜನ ಹಣೆಯ ನಡುವಿನಿಂದ ಅಲೆ ಎಬ್ಬಿಸಿದೆ. ಮುಖ ಮೆಲ್ಲಗೆ ಅಲುಗಿ, ಬಳೆಬಳೆಯಾಗಿ ಹರಡಿ, ಕರಗಿತು. ಅದರೊಳಗಿಂದ ಮದುವೆಯ ಮಂಟಪ ಮೂಡಿತು. ಅದನ್ನು ನೋಡಿ ಅವರ ಮನೆಮಂದಿಯೆಲ್ಲ ಅತ್ತರಂತೆ. ಮದುವೆ ಕ್ಯಾಸೆಟ್ಟು ನೋಡಿ ಅತ್ತರೆ ಸ್ಟುಡಿಯೋಕ್ಕೆ ಒಳ್ಳೆಯ ಹೆಸರು. ಮುಂದಿನ ಸೀಸನ್ನಿನಲ್ಲಿ ಬಂದವರೆಲ್ಲ ತಮ್ಮ ಅಪ್ಪನಿಗೂ ಅಜ್ಜಿಗೂ ಅದೇ ಅಲೆ ಬೇಕು ಎಂದರು, ಉಳಿದ ಸ್ಟುಡಿಯೋದವರೂ ಹಾಕತೊಡಗಿದರು.

ಹೀಗೆ ಒಂದೆರಡು ವರ್ಷದಲ್ಲಿ ಅದು ನಮ್ಮ ಮೂರು ಊರುಗಳಲ್ಲಿ ಕಟ್ಟುಕಟ್ಟಳೆಯೇ ಆಗಿಬಿಟ್ಟಿತು. ಬದುಕಿದ್ದವರಿಗೆ ಹೂವು, ನಕ್ಷತ್ರ, ಹೃದಯ. ತೀರಿಕೊಂಡವರಿಗೆ ಅಲೆ. ಯಾರೂ ಕೂತು ನಿಶ್ಚಯ ಮಾಡಿದ್ದಲ್ಲ. ಕುಮಟೆಯ ಕಡೆಯ ಒಬ್ಬ ಹೊಸ ಹುಡುಗ ಚಂದ ಕಂಡಿತೆಂದು ವರನ ಮುಖಕ್ಕೇ ಅಲೆ ಹಾಕಿ, ವರನ ಅಜ್ಜಿ ಟೀವಿಯ ಮುಂದೆ ಎದ್ದುನಿಂತು ಬಾಯಿ ಬಡಿದುಕೊಂಡು, ಆಮೇಲೆ ಆ ಮನೆಯಲ್ಲಿ ಶಾಂತಿ ಮಾಡಿಸಿದರೆಂದು ಕೇಳಿದೆ. ಭಟ್ಕಳದ ನವಾಯತ ಮುಸ್ಲಿಮರ ಮನೆಗಳ ಕೆಲಸ ಬಂದರೆ ಈ ತಾಪತ್ರಯ ಇರಲಿಲ್ಲ. ಅಲ್ಲಿ ತೀರಿಕೊಂಡವರ ಫೋಟೋ ತೋರಿಸುವ ವಾಡಿಕೆ ಇಲ್ಲ, ಅಲೆಯನ್ನು ಬರೀ ಹೆಸರಿನ ಅಕ್ಷರಗಳಿಗೆ ಹಾಕುತ್ತಿದ್ದೆ, ಅವು ತೇಲಿ ಬಂದು ನಿಲ್ಲುತ್ತಿದ್ದವು.

ಇಷ್ಟೆಲ್ಲ ಹೇಳಿದ್ದು ಭಟ್ಕಳದ ಕಡೆಯ ಕಾಯ್ಕಿಣಿ ಎಂಬ ಊರಿನ ಒಂದು ಮದುವೆಯ ಸಲುವಾಗಿ.

ಮದುವೆಯ ವೀಡಿಯೋ ತೆಗೆದವರು ನಮ್ಮ ಯಜಮಾನರೇ. ಮದುವೆಯಾಗಿ ಕೆಲವು ದಿನಕ್ಕೆ ಹುಡುಗಿಯ ಸೋದರಮಾವ ಒಂದು ಫೋಟೋ ತಂದುಕೊಟ್ಟರು. ಹುಡುಗಿಯ ಅಪ್ಪನದು. ಯಾರದೋ ಮದುವೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಾಗ ತೆಗೆದದ್ದು. ಬಿಳಿ ಅಂಗಿ, ಎಲೆಯಡಿಕೆಯ ಕವಳ ತುಂಬಿ ಉಬ್ಬಿದ ಒಂದು ಕೆನ್ನೆ, ಈಗ ಎಂತಕ್ಕೆ ತೆಗಿತಿ ಮಾರಾಯ ಎನ್ನುವಂಥ ಮುಖ. ಇವರಿಗೂ ಅಲೆ ಹಾಕಿ ಎಂದು ಮಾವ ಹೇಳಿದರು. ತೀರಿಕೊಂಡು ಎಷ್ಟು ವರ್ಷ ಆಯಿತು ಎಂದು ಸುಮ್ಮನೆ ಕೇಳಿದೆ. ಅವರು ಹೆಗಲ ಮೇಲಿನ ಟವೆಲ್ಲನ್ನು ಕೈಗೆ ತೆಗೆದುಕೊಂಡು ಮಡಚಿದರು.

ಆಮೇಲೆ ಹೇಳಿದರು. ಭಾವ ಮಳೆಗಾಲದಲ್ಲಿ ಗದ್ದೆ ಕೆಲಸ ಮಾಡಿ, ಚೌತಿ ಮುಗಿದ ಮೇಲೆ ಮೀನಿನ ಬೋಟಿಗೆ ಕೂಲಿಗೆ ಹೋಗುತ್ತಿದ್ದವರು. ಹುಡುಗಿ ಚಿಕ್ಕವಳಿದ್ದಾಗ ಒಂದು ವರ್ಷ ಗಾಳಿಗೆ ಸಿಕ್ಕಿ ಬೋಟು ಮಗುಚಿತು. ಉಳಿದವರೆಲ್ಲ ಬೇರೆ ಬೋಟಿನವರ ಕೈಗೆ ಸಿಕ್ಕಿ ಬದುಕಿದರು, ಭಾವ ಮಾತ್ರ ಸಿಗಲಿಲ್ಲ. ಹೆಣವೂ ಸಿಗಲಿಲ್ಲ. ಅಕ್ಕ ಅವತ್ತಿನಿಂದ ಇವತ್ತಿನವರೆಗೂ ಕುಂಕುಮ ಇಡುತ್ತಾಳೆ, ಕರಿಮಣಿ ತೆಗೆದಿಲ್ಲ, ಗಂಡ ಯಾವುದೋ ಬಂದರಿನಲ್ಲಿ ಇದ್ದಾರೆ ಎನ್ನುತ್ತಾಳೆ. ಹೆಣ ಸಿಗದವರಿಗೆ ದರ್ಭೆಯ ಬೊಂಬೆ ಮಾಡಿ ಕರ್ಮ ಮುಗಿಸುವ ಪದ್ಧತಿ ಇದೆ ಎಂದು ಭಟ್ಟರು ಹೇಳಿದಾಗ ಎದ್ದು ಒಳಗೆ ಹೋದಳಂತೆ.

ಹಾಗಿದ್ದರೆ ನಾನು ಹೇಗೆ ಅಲೆ ಹಾಕಲಿ ಎಂದೆ. ಅವರು ಫೋಟೋವನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದರು.

‘ಬಾಯಿ ಬಿಟ್ಟು ಹೇಳೂಕೆ ನಮ್ಮಲ್ಲಿ ಯಾರಿಗೂ ಆಗ್ಲಿಲ್ಲ ತಂಗಿ,’ ಎಂದರು. ‘ಟೀವಿಯಾದ್ರೂ ಹೇಳ್ಲಿ.’

ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಈಗಲೂ ಬಹಳ ದೂರ ಹೋಗಿಲ್ಲ. ನಿಮ್ಮ ಮನೆಯ ಮಾತನ್ನು ನಿಮ್ಮ ಮನೆಯಲ್ಲೇ ಆಡಿಕೊಳ್ಳಿ, ಅದಕ್ಕೆ ನನ್ನ ಕಂಪ್ಯೂಟರ್ ಯಾಕೆ ಎಂದುಬಿಟ್ಟೆ. ಅವರು ಮಲ್ಪೆಗೂ ಕಾರವಾರಕ್ಕೂ ಭಾವನನ್ನು ಹುಡುಕಿಕೊಂಡು ಹೋಗಿ ಬಂದದ್ದನ್ನು ಹೇಳಿ, ಮೆಟ್ಟಿಲು ಇಳಿದು ಹೋದರು. ಅವರ ಮೇಲೆ ನನಗೆ ಒಳ್ಳೆಯ ಅಭಿಪ್ರಾಯ ಹುಟ್ಟಲಿಲ್ಲ. ಅಕ್ಕನ ಹಣೆಯ ಕುಂಕುಮ ಅಳಿಸಲು ಬೇರೆಯವರ ಕೈ ಹುಡುಕುವ ಮನುಷ್ಯ ಎಂದುಕೊಂಡೆ.

ಮಾರನೆಯ ದಿನ ಮದುವೆಯ ಟೇಪನ್ನು ಕಂಪ್ಯೂಟರಿಗೆ ಇಳಿಸುತ್ತಾ ಕೂತೆ. ನಮ್ಮ ಕೆಲಸದಲ್ಲಿ ಒಂದು ಕಷ್ಟ ಇದೆ. ಮದುವೆಗೆ ಹೋದವರು ನೋಡದೆ ಬಿಟ್ಟದ್ದನ್ನೂ ನಾವು ನೋಡುತ್ತೇವೆ, ಅದನ್ನೂ ಹಿಂದೆ ಮುಂದೆ ಮಾಡಿ ಮತ್ತೆ ಮತ್ತೆ ನೋಡುತ್ತೇವೆ. ಧಾರೆಯ ಹೊತ್ತಿಗೆ ಹುಡುಗಿಯ ಅಪ್ಪ ಅಮ್ಮ ನಿಲ್ಲಬೇಕಾದಲ್ಲಿ ಮಾವನೂ ಅವರ ಹೆಂಡತಿಯೂ ನಿಂತಿದ್ದರು. ಹುಡುಗಿಯ ಅಮ್ಮ ಮಂಟಪದ ಕಂಬಕ್ಕೆ ತಾಗಿ ನಿಂತಿದ್ದರು, ಹೊಸ ಸೀರೆ, ಹಣೆಯ ಮೇಲೆ ದೊಡ್ಡ ಕುಂಕುಮ. ಆರತಿಗೆ ಮುತ್ತೈದೆಯರನ್ನು ಕರೆಯುವಾಗ ಒಬ್ಬ ಹೆಂಗಸು ಆರತಿ ತಟ್ಟೆಯನ್ನು ಅವರ ಕಡೆ ಚಾಚಿದಳು. ಪಕ್ಕದವಳು ಆ ಹೆಂಗಸಿನ ಮೊಣಕೈ ಮುಟ್ಟಿದಳು, ಅಷ್ಟೇ. ತಟ್ಟೆ ತಿರುಗಿ ಬೇರೆ ಕಡೆ ಹೋಯಿತು. ಅಮ್ಮನ ಕೈ ಆಗಲೇ ಮುಂದೆ ಬಂದಿತ್ತು. ಅವರು ಆ ಕೈಯಿಂದ ಸೆರಗು ಸರಿಮಾಡಿಕೊಂಡರು.

ನಾನು ಅಲ್ಲಿಗೆ ನಿಲ್ಲಿಸಿದೆ. ಆ ತುಣುಕನ್ನು ಕತ್ತರಿಸಿ ತೆಗೆದೆ. ತೆಗೆದ ಮೇಲೂ ಅದು ಕಣ್ಣಿಂದ ಹೋಗಲಿಲ್ಲ. ಮಾವ ಹೇಳಿದ ಅಲೆಯನ್ನು ಹಾಕುವುದೇ ಇಲ್ಲ, ವಧುವಿನ ತಂದೆ ತಾಯಿ ಎಂದು ಇಬ್ಬರನ್ನೂ ಹೂವಿನ ಚೌಕಟ್ಟಿನಲ್ಲಿ ಅಕ್ಕಪಕ್ಕ ಕೂರಿಸುತ್ತೇನೆ ಎಂದು ನಿಶ್ಚಯ ಮಾಡಿ ಹಾಗೆಯೇ ಮಾಡಿಟ್ಟೆ. ಕವಳದ ಕೆನ್ನೆಯನ್ನು ಸಪಾಟು ಮಾಡಲು ಹೋಗಿ, ಮಾಡಿದರೆ ಬೇರೆ ಯಾರೋ ಆಗುತ್ತಾರೆ ಅನ್ನಿಸಿ ಬಿಟ್ಟೆ.

ಅದೇ ವಾರ ಹುಡುಗಿಯ ಅಮ್ಮನೇ ಬಂದರು. ಕಾಯ್ಕಿಣಿಯಿಂದ ಬಸ್ಸು ಹತ್ತಿ ಒಬ್ಬರೇ ಬಂದಿದ್ದರು. ಮಾಳಿಗೆ ಹತ್ತಿದ ದಣಿವಿಗೆ ಸ್ಟೂಲಿನ ಮೇಲೆ ಕೂತರು. ಯಜಮಾನರು ನೀರು ತಂದುಕೊಟ್ಟು, ಹೆಂಗಸರ ಮಾತು ಎಂದು ತಿಳಿದು ಕೆಳಗೆ ಹೋದರು.

‘ತಮ್ಮ ಎಂತ ಹೇಳಿ ಹೋಗಿದ್ದಾನೆ ನಂಗೊತ್ತು,’ ಎಂದರು. ‘ಅವ್ರಿಗೆ ಅಲೆ ಹಾಕ್ಬೇಡ ತಂಗಿ.’

ಹಾಕುವುದಿಲ್ಲ ಅಕ್ಕ ಎಂದೆ. ಮಾಡಿಟ್ಟಿದ್ದ ಹೂವಿನ ಚೌಕಟ್ಟನ್ನು ತೋರಿಸಿದೆ. ಒಂದು ಕಡೆ ಬಿಳಿ ಅಂಗಿಯ ಗಂಡ, ಇನ್ನೊಂದು ಕಡೆ ಮದುವೆಯ ಸೀರೆಯಲ್ಲಿ ಹೆಂಡತಿ. ನಾನು ನಿಜಕ್ಕೂ ಅವರು ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಅವರು ಬಹಳ ಹೊತ್ತು ನೋಡಿದರು. ಅವರಿಗೆ ವಯಸ್ಸೇ ಆಗಲಿಲ್ಲ ಅಲ್ಲವಾ ಎಂದು ತಮಗೆ ತಾವೇ ಹೇಳಿಕೊಂಡರು. ಹೌದು, ಚೌಕಟ್ಟಿನಲ್ಲಿ ಇವರ ತಲೆ ನರೆತಿತ್ತು, ಗಂಡನದು ಕಪ್ಪಾಗಿಯೇ ಇತ್ತು. ನನಗೆ ಅದು ಹೊಳೆದಿರಲಿಲ್ಲ.

ಆಮೇಲೆ ಅವರು, ನೀನು ತೀರಿಕೊಂಡವರಿಗೆ ಹಾಕುತ್ತೀಯಲ್ಲ, ಅದು ಹೇಗಿರುತ್ತದೆ ಒಮ್ಮೆ ತೋರಿಸು ಎಂದರು. ಬೇಡ ಎಂದರೂ ಬಿಡಲಿಲ್ಲ. ಬೇರೆ ಮದುವೆಯ ಒಬ್ಬ ಅಜ್ಜಿಯದನ್ನು ತೋರಿಸಿದೆ. ಅಜ್ಜಿಯ ಮುಖ ಅಲುಗಿ, ಹರಡಿ, ಮಾಯವಾಯಿತು. ಅವರು ರೆಪ್ಪೆ ಬಡಿಯದೆ ನೋಡಿದರು. ಮುಖ ಚೂರಾಗುವುದಿಲ್ಲವಲ್ಲ, ಮೆಲ್ಲಗೆ ಹೋಗುತ್ತದಲ್ಲ ಎಂದರು. ನೀರಿಗೆ ಹೋದವರು ಹೇಗಿರುತ್ತಾರೋ ಎಂದು ಇಷ್ಟು ವರ್ಷ ಅವರು ಮನಸ್ಸಿನಲ್ಲಿ ಏನೇನು ಕಂಡಿದ್ದರೋ. ನಮ್ಮವರದ್ದನ್ನೂ ತೋರಿಸು ಎಂದರು.

ನಾನು ಕವಳದ ಕೆನ್ನೆಯ ಆ ಫೋಟೋಕ್ಕೆ ಅಲೆ ಹಾಕಿದೆ. ರೆಂಡರ್ ಆಗದೆ ನೋಡಿದರೆ ಅದು ಸಲೀಸಾಗಿ ಓಡುವುದಿಲ್ಲ, ತಡೆದು ತಡೆದು ಹೋಗುತ್ತದೆ. ಅವರ ಮುಖವೂ ಹಾಗೆಯೇ ತಡೆದು ತಡೆದು ಹೋಯಿತು. ಅಮ್ಮ ಅಳಲಿಲ್ಲ. ಸ್ಕ್ರೀನಿನ ಮೇಲೆ ಧಾರೆಯ ಮಂಟಪ ಮೂಡಿದ್ದು ನೋಡಿ, ಇಲ್ಲಿಗೆ ಆಯಿತಾ, ನೀರು ನಿಲ್ಲುವುದನ್ನು ತೋರಿಸುವುದಿಲ್ಲವಾ ಎಂದು ಕೇಳಿದರು. ನಾವು ನಿಲ್ಲಿಸುವುದಿಲ್ಲ, ಅಲೆ ಏಳುತ್ತಿರುವಾಗಲೇ ಮುಂದಿನದು ಬರುತ್ತದೆ ಎಂದೆ. ಸಾಫ್ಟ್‌ವೇರಿನ ಅಲೆ ತಾನಾಗಿ ನಿಲ್ಲುವುದೇ ಇಲ್ಲ ಅಕ್ಕ, ನಾವು ನಿಲ್ಲು ಎನ್ನದಿದ್ದರೆ ಕೊನೆಯವರೆಗೂ ಒಂದೇ ಎತ್ತರಕ್ಕೆ ಏಳುತ್ತಲೇ ಇರುತ್ತದೆ ಎಂದು ವಿವರಿಸಿದೆ.

ಅವರು ಸ್ಟೂಲಿನ ಮೇಲೆ ಸ್ವಲ್ಪ ಮುಂದೆ ಸರಿದು ಕೂತರು.

‘ಪಿತೃಪಕ್ಷದಲ್ಲಿ ಹಿರಿಯರಿಗೆಲ್ಲ ಎಡೆ ಇಡ್ತೆ, ಅವ್ರಿಗೆ ಇಡೂದಿಲ್ಲ,’ ಎಂದರು. ‘ಇದ್ದಾರೆ ಅಂತ ಹೇಳಿ. ದಿನಾ ಊಟಕ್ಕೆ ಅವ್ರ ಬಟ್ಟಲೂ ಇಡೂದಿಲ್ಲ, ಬರೂದಿಲ್ಲ ಅಂತ ಹೇಳಿ. ಎರಡೂ ಕಡೆ ಉಪವಾಸ ಹಾಕಿದ್ದೆ ತಂಗಿ ನಾನು ಅವ್ರನ್ನ.’

ಅವರು ಎದ್ದು ಚೀಲ ತೆಗೆದುಕೊಂಡರು. ಅಲೆಯೇ ಇರಲಿ, ಆದರೆ ಅವರು ಹೋದ ಮೇಲೆ ನೀರು ನಿಲ್ಲಬೇಕು, ನಿಂತದ್ದು ಕಾಣಬೇಕು, ಆಮೇಲೆ ಬೇಕಾದ್ದು ತೋರಿಸು ಎಂದರು. ಬೋಟು ಮಗುಚಿದ ಅವತ್ತಿನಿಂದ ಅವರಿಗೆ ನೀರು ನಿಂತದ್ದು ಕಂಡಿಲ್ಲವಂತೆ. ಬಾಗಿಲಲ್ಲಿ ತಿರುಗಿ, ತಮ್ಮನಿಗೆ ನಾನು ಬಂದದ್ದು ಹೇಳಬೇಡ ಎಂದರು.

ಅವರು ಹೋದ ಮೇಲೆ ಹೂವಿನ ಚೌಕಟ್ಟನ್ನು ಅಳಿಸಿದೆ. ಮುಖ ಕರಗಿದ ಮೇಲೆ ತೋರಿಸಲು ನೀರು ಬೇಕಿತ್ತು, ಬೇರೆ ಏನೂ ಇಲ್ಲದ ಬರಿಯ ನೀರು. ಯಜಮಾನರನ್ನು ಬೆಳಿಗ್ಗೆ ಶರಾವತಿಯ ದಡಕ್ಕೆ ಎಳೆದುಕೊಂಡು ಹೋದೆ. ಮದುಮಕ್ಕಳನ್ನು ಬಿಟ್ಟು ಬರಿಯ ನೀರನ್ನು ತೆಗೆಯುವ ಕಾಲ ಬಂತು ಎಂದು ಅವರು ಗೊಣಗಿದರು, ಸಂಗತಿ ಹೇಳಿದ ಮೇಲೆ ಗೊಣಗಲಿಲ್ಲ. ಉಬ್ಬರ ಮುಗಿದು ಇಳಿತ ಸುರುವಾಗುವ ನಡುವೆ ಹೊಳೆ ಸ್ವಲ್ಪ ಹೊತ್ತು ಯಾವ ಕಡೆಗೂ ಹರಿಯದೆ ಇರುತ್ತದೆ. ದೋಣಿಯವರನ್ನು ಕೇಳಿ ಆ ಹೊತ್ತನ್ನು ಕಾದು ತೆಗೆದರು.

ಅಲೆ ನಿಲ್ಲಿಸುವುದು ನಾನು ಎಣಿಸಿದಷ್ಟು ಸುಲಭ ಆಗಲಿಲ್ಲ. ಎತ್ತರವನ್ನು ಸೊನ್ನೆಗೆ ತಂದರೆ ಆಯಿತು ಎಂದು ತಂದೆ. ಬಸ್ಸಿನ ಬ್ರೇಕು ಹಾಕಿದ ಹಾಗೆ ನಿಂತಿತು. ನೀರು ಹಾಗೆ ನಿಲ್ಲುವುದಿಲ್ಲ. ಸಮವಾಗಿ ಇಳಿಸಿ ನೋಡಿದೆ, ಅದೂ ಸುಳ್ಳಾಗಿ ಕಂಡಿತು. ನಿಜವಾದ ನೀರು ಮೊದಲು ಬೇಗ ತಗ್ಗುತ್ತದೆ, ಕೊನೆಯ ಸ್ವಲ್ಪ ಅಲುಗಾಟ ಮಾತ್ರ ಹೋಗಲೇ ಒಲ್ಲದು. ಮುಗಿಯಿತು ಅನ್ನಿಸಿದ ಮೇಲೂ ಅಂಚಿನಲ್ಲಿ ಎಲ್ಲೋ ಸಣ್ಣದೊಂದು ಗೆರೆ ಇರುತ್ತದೆ. ಅಲೆಗಳ ನಡುವಿನ ದೂರವನ್ನೂ ಹೆಚ್ಚಿಸುತ್ತಾ, ವೇಗ ಇಳಿಸುತ್ತಾ, ಎತ್ತರದ ಅಂಕಿಯನ್ನು ಫ್ರೇಮಿನಿಂದ ಫ್ರೇಮಿಗೆ ಕೈಯಿಂದಲೇ ತಗ್ಗಿಸುತ್ತಾ ಹೋದೆ. ಎಷ್ಟು ಸಲ ರೆಂಡರಿಗೆ ಹಾಕಿದೆನೋ. ಬೇರೆ ಮದುವೆಯವರು ಬಂದು ಬೈದು ಹೋದರು. ಕೊನೆಗೆ ಒಂದು ಮಧ್ಯಾಹ್ನ ಯಜಮಾನರು ಹಿಂದೆ ನಿಂತು ನೋಡಿ, ಈಗ ಮುಟ್ಟಬೇಡ ಎಂದರು.

ಕ್ಯಾಸೆಟ್ ನೋಡುವ ದಿನ ಎಂದು ಆಗ ನಮ್ಮ ಕಡೆ ಒಂದು ಚಿಕ್ಕ ಹಬ್ಬವೇ ಇತ್ತು. ಹುಡುಗಿ ಗಂಡನ ಜೊತೆ ತವರಿಗೆ ಬರುತ್ತಾಳೆ, ನೆರೆಯವರು ಬರುತ್ತಾರೆ, ಟೀವಿ ಜಗಲಿಗೆ ಬರುತ್ತದೆ. ಸೀಡಿ ಕೊಡಲು ನಾನೇ ಹೋಗಬೇಕೆಂದು ಹುಡುಗಿಯ ಅಮ್ಮ ಹೇಳಿ ಕಳಿಸಿದ್ದರು. ಹೋದಾಗ ಅಂಗಳದಲ್ಲಿ ಬೆಂಚು ಹಾಕಿ ಆಗಿತ್ತು. ಮಾವ ಎಲ್ಲರಿಗೂ ಪಾನಕ ಕೊಡುತ್ತಾ ಓಡಾಡುತ್ತಿದ್ದರು. ನನ್ನನ್ನು ನೋಡಿ ಸ್ವಲ್ಪ ಸಣ್ಣಗಾದರು. ಹಾಕಿದ್ದೀಯಾ ಎಂದು ಕಣ್ಣಲ್ಲೇ ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರಿಗೆ ಸಮಾಧಾನ ಆಗಲಿಲ್ಲ, ಹೆದರಿಕೆ ಆಯಿತು. ಅಕ್ಕನ ಕಡೆ ನೋಡಿ ಪಾನಕದ ಲೋಟ ಕೆಳಗಿಟ್ಟರು. ಅಮ್ಮ ಒಳಬಾಗಿಲ ಹೊಸ್ತಿಲ ಹತ್ತಿರ ಗೋಡೆಗೆ ಒರಗಿ ಕೂತಿದ್ದರು. ಹಣೆಯಲ್ಲಿ ಕುಂಕುಮ ಇತ್ತು.

ದೇವರ ಚಿತ್ರ ಬಂತು, ಹೋಯಿತು. ಬಿಳಿ ಅಂಗಿಯವರು ಬಂದರು. ಹೊಸ ಮದುಮಗಳು ಗಂಡನ ತೋಳು ಹಿಡಿದುಕೊಂಡಳು. ಅಲೆ ಎದ್ದಾಗ ನೆರೆಯ ಹೆಂಗಸರು ಟೀವಿ ಬಿಟ್ಟು ಅಮ್ಮನನ್ನು ನೋಡಿದರು. ಎಲ್ಲರಿಗೂ ಅದರ ಅರ್ಥ ಗೊತ್ತಿತ್ತು. ಅಮ್ಮ ಟೀವಿಯನ್ನೇ ನೋಡುತ್ತಿದ್ದರು. ಮುಖ ಹರಡಿತು, ಕವಳದ ಕೆನ್ನೆ ಕೊನೆಯವರೆಗೆ ಉಳಿದು ಅದೂ ಹೋಯಿತು. ನೀರು ಉಳಿಯಿತು. ಅಲೆ ತಗ್ಗಿತು, ಇನ್ನೂ ತಗ್ಗಿತು, ಅಂಚಿನ ಗೆರೆಯೂ ಹೋಗಿ ಟೀವಿಯ ತುಂಬ ಅಲುಗದ ನೀರು ನಿಂತಿತು.

ಆ ಕಾಲದ ಸೀಡಿಗಳು ಗೀರು ಬಿದ್ದರೆ ಹಾಗೆಯೇ ನಿಂತುಬಿಡುತ್ತಿದ್ದವು. ನಿಂತರೆ ಪ್ಲೇಯರಿನ ತಲೆಗೆ ಒಂದು ಕೊಡುವುದು ಎಲ್ಲರ ಮನೆಯ ರೂಢಿ. ಹ್ಯಾಂಗ್ ಆತು ಎಂದು ಬೆಂಚಿನಿಂದ ಯಾರೋ ಹೇಳಿದರು. ಮಾವ ಎದ್ದು ಹೋಗಿ ಕೈ ಎತ್ತಿದರು.

‘ಮುಟ್ಬೇಡ ತಮ್ಮ,’ ಎಂದರು ಅಮ್ಮ. ‘ಕೆಟ್ಟದ್ದಲ್ಲ ಅದು. ನಿಂತದ್ದು.’

ಮಾವನ ಎತ್ತಿದ ಕೈ ಹಾಗೇ ಇತ್ತು. ಅವರು ತಿರುಗಿ ಅಕ್ಕನನ್ನು ನೋಡಿದರು, ಮತ್ತೆ ನೀರನ್ನು ನೋಡಿದರು. ಆಮೇಲೆ ಟೀವಿಯ ಮುಂದೆಯೇ ಕುಕ್ಕರಗಾಲಿನಲ್ಲಿ ಕೂತು, ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡರು. ಟೀವಿ ಹೇಳಲಿ ಎಂದು ನನ್ನ ಹತ್ತಿರ ಬಂದಿದ್ದವರು ಅವರು. ಅದು ಹೇಳಿತು, ಕೇಳಿಸಿಕೊಳ್ಳಲು ಅವರಿಗೇ ಆಗಲಿಲ್ಲ. ಆ ಮನುಷ್ಯನ ಮೇಲೆ ನಾನು ಇಟ್ಟುಕೊಂಡಿದ್ದ ಸಿಟ್ಟೆಲ್ಲ ಅಲ್ಲಿಗೆ ಮುಗಿಯಿತು.

‘ಭಾವ,’ ಎಂದರು ಅವರು, ಟೀವಿಯ ನೀರಿಗೆ. ‘ನಾ ರತ್ನಾಗಿರಿ ತನಕ ಬಂದಿದ್ದೆ. ಅಲ್ಲೂ ನೀವು ಇರ್ಲಿಲ್ಲ.’

ಅವರು ಭಾವನನ್ನು ಹುಡುಕುತ್ತಾ ರತ್ನಾಗಿರಿಯ ಬಂದರಿನವರೆಗೂ ಹೋದದ್ದು ಅಕ್ಕನಿಗೆ ಗೊತ್ತಿರಲಿಲ್ಲ. ಅದು ಅಕ್ಕನ ಮುಖದಲ್ಲೇ ಕಾಣುತ್ತಿತ್ತು. ಅಷ್ಟರಲ್ಲಿ ಟೀವಿಯಲ್ಲಿ ಮಂಟಪ ಬಂದು ಧಾರೆ ಸುರುವಾಯಿತು. ಅಲ್ಲಿ ಮಾವ ತಮ್ಮ ಭಾವನ ಜಾಗದಲ್ಲಿ ನಿಂತು ತಂಬಿಗೆಯಿಂದ ನೀರು ಬಿಡುತ್ತಿದ್ದರು. ಇಲ್ಲಿ ಅಮ್ಮ ಹೊಸ್ತಿಲಿನಿಂದ ಎದ್ದು ಬಂದು, ತಮ್ಮನ ಪಕ್ಕ ನೆಲದ ಮೇಲೆ ಕೂತರು.